ಕೋಲಾರದಲ್ಲಿ ಒಂದು ವರ್ಷ ಡಿಫೆನ್ಸ್ ಅಪ್ರೆಂಟಿಸ್: ಸೇರಬಹುದಾ? ನನ್ನ ಅನುಭವ

ಮೆಕ್ಯಾನಿಕಲ್ ಮುಗಿಸಿದ ಮೇಲೆ ಒಂದು ವರ್ಷ ಅಪ್ರೆಂಟಿಸ್ ಆಗಿ ಹೋಗಬೇಕಾ, ಬೇಡವಾ ಅಂತ ನಮ್ಮ ಕಡೆಯ ಹುಡುಗರು ಆಗಾಗ ಫೋನ್ ಮಾಡಿ ಕೇಳುತ್ತಾರೆ. ಎಲ್ಲರಿಗೂ ಸೇರಿಸಿ ಒಂದೇ ಸಲ ಬರೆದುಬಿಡುತ್ತೇನೆ. ಹೋಗಿ. ಆದರೆ ಯಾವ ವಿಭಾಗದಲ್ಲಿ ಎಷ್ಟು ದಿನ ಇಡುತ್ತಾರೆ ಅಂತ ಕೇಳಿಕೊಂಡು ಹೋಗಿ. ನನ್ನ ಕಡೆಯಿಂದ ಐದಕ್ಕೆ ನಾಲ್ಕು. ಒಂದು ಯಾಕೆ ಕಡಿಮೆ ಮಾಡಿದೆ ಅಂತ ಕೆಳಗೆ ಬರೆದಿದ್ದೇನೆ, ಅದನ್ನು ಓದದೆ ಸೇರಬೇಡಿ.

ನನ್ನದು ಶ್ರೀನಿವಾಸಪುರದ ಹತ್ತಿರದ ಹಳ್ಳಿ. ಮನೆಯಲ್ಲಿ ಮಾವಿನ ತೋಟ, ನಾಲ್ಕು ಸೀಮೆ ಹಸು. ಬಿಇ ಮುಗಿಸಿ, ಕೋಲಾರದ ಹತ್ತಿರ ಇರುವ ಒಂದು ಖಾಸಗಿ ಕಾರ್ಖಾನೆಯಲ್ಲಿ ಒಂದು ವರ್ಷ ತರಬೇತಿ ಮಾಡಿದೆ. ಡಿಫೆನ್ಸ್‌ಗೆ ಬಿಡಿಭಾಗ ಮಾಡಿಕೊಡುವ ಕಾರ್ಖಾನೆ. ಹೆಸರು ಬರೆಯುವುದಿಲ್ಲ. ದೂರುಗಳೂ ಇವೆ, ಜೊತೆಗೆ ಒಳಗೆ ಏನು ತಯಾರಾಗುತ್ತದೆ ಅಂತ ಹೊರಗೆ ಹೇಳುವುದಿಲ್ಲ ಎಂದು ಸೇರುವಾಗಲೇ ಸಹಿ ಹಾಕಿದ್ದೇನೆ. ಆ ಮಾತು ಈಗಲೂ ಉಳಿಸಿಕೊಳ್ಳುತ್ತೇನೆ.

ನಮ್ಮ ಜಿಲ್ಲೆಗೆ ಡಿಫೆನ್ಸ್ ಕೆಲಸ ಹೊಸದೇನಲ್ಲ. 1964ರಲ್ಲಿ ಶುರುವಾದ ಬಿಇಎಂಎಲ್ ಕೆಜಿಎಫ್‌ನಲ್ಲಿ ಇದೆ. ಬುಲ್ಡೋಜರ್ ಜೊತೆಗೆ ಸೇನೆಗೆ ಬೇಕಾದ ದೊಡ್ಡ ದೊಡ್ಡ ವಾಹನಗಳೂ ಅಲ್ಲಿಂದ ಹೋಗುತ್ತವೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿದಾಗ ಎಷ್ಟು ಮನೆಗಳು ದಿಕ್ಕೆಟ್ಟವು ಅಂತ ಅಲ್ಲಿದ್ದ ನಮ್ಮ ಚಿಕ್ಕಪ್ಪ ಈಗಲೂ ಹೇಳುತ್ತಾರೆ. ಕಾರ್ಖಾನೆಯಲ್ಲಿ ಕೆಲಸ ಇದ್ದವರು ಹೇಗೋ ನಿಂತುಕೊಂಡರು. ತುಮಕೂರು ಕಡೆಯವರಾದರೆ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ. 615 ಎಕರೆ ಜಾಗ, 2016ರಲ್ಲಿ ಶಂಕುಸ್ಥಾಪನೆ, 2023ರ ಫೆಬ್ರವರಿಯಲ್ಲಿ ಉದ್ಘಾಟನೆ. ಇಂಥ ದೊಡ್ಡ ಕಾರ್ಖಾನೆಗಳ ಹಿಂದೆ ಹತ್ತಾರು ಸಣ್ಣ ಕಾರ್ಖಾನೆಗಳು ಕೆಲಸ ಮಾಡುತ್ತವೆ. ನಾನು ಸೇರಿದ್ದು ಅಂಥದ್ದಕ್ಕೆ. ದೊಡ್ಡ ಹೆಸರಿನ ಜಾಗಗಳಿಗೆ ಅರ್ಜಿ ಹಾಕುವವರು ಜಾಸ್ತಿ, ಸೀಟು ಕಡಿಮೆ. ಸಣ್ಣ ಕಡೆ ಯಾರೂ ನೋಡುವುದಿಲ್ಲ. ಅಲ್ಲಿ ನೋಡಿ ಅಂತ ನನ್ನ ಸಲಹೆ.

ಸೇರುವುದು ಹೇಗೆ ಅಂದರೆ, ಕೇಂದ್ರ ಸರ್ಕಾರದ ನ್ಯಾಟ್ಸ್ (ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ ಯೋಜನೆ) ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಡಿಗ್ರಿ, ಡಿಪ್ಲೊಮಾ ಎರಡೂ ನಡೆಯುತ್ತದೆ. ಆಧಾರ್, ಮಾರ್ಕ್ಸ್ ಕಾರ್ಡ್, ಬ್ಯಾಂಕ್ ಖಾತೆ ಇಷ್ಟು ಸಾಕು, ಆದರೆ ಮೂರರಲ್ಲೂ ಹೆಸರಿನ ಸ್ಪೆಲ್ಲಿಂಗ್ ಒಂದೇ ಇರಲಿ. ನನ್ನ ಇನಿಷಿಯಲ್ ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ ಇದ್ದದ್ದಕ್ಕೆ ಮೂರು ವಾರ ಓಡಾಡಿದೆ. ಒಂದು ವಿಷಯ ಯಾರೂ ಮುಂಚೆ ಹೇಳುವುದಿಲ್ಲ: ಪಾಸಾದ ಮೇಲೆ ಎಲ್ಲಾದರೂ ಒಂದು ವರ್ಷ ಕೆಲಸ ಮಾಡಿದ್ದರೆ ಅಥವಾ ಒಮ್ಮೆ ಅಪ್ರೆಂಟಿಸ್ ಮುಗಿಸಿದ್ದರೆ ಮತ್ತೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಈ ಒಂದು ವರ್ಷವನ್ನು ಎಲ್ಲಿ ಕಳೆಯುತ್ತೀರಿ ಅನ್ನುವುದು ಮುಖ್ಯ. ಎರಡನೇ ಸಲ ಸಿಗುವುದಿಲ್ಲ.

ದುಡ್ಡಿನ ವಿಷಯ. ನಾನು ಸೇರಿದಾಗ ಡಿಗ್ರಿಯವರಿಗೆ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 9,000, ಡಿಪ್ಲೊಮಾದವರಿಗೆ 8,000. ಈ ಕನಿಷ್ಠದಲ್ಲಿ ಅರ್ಧ ಸರ್ಕಾರದ ಪಾಲು. ನಮ್ಮ ಕಾರ್ಖಾನೆ ಸ್ವಲ್ಪ ಮೇಲೆ ಸೇರಿಸಿ ಕೊಡುತ್ತಿತ್ತು. ಮನೆಯಿಂದ ಓಡಾಡುವವರಿಗೆ ಸಾಕಾಗುತ್ತದೆ. ಕೋಲಾರದಲ್ಲಿ ರೂಮು ಮಾಡಿಕೊಂಡರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. 1961ರ ಅಪ್ರೆಂಟಿಸಸ್ ಕಾಯ್ದೆಯ ಪ್ರಕಾರ ನೀವು ಟ್ರೈನಿ, ಕಾರ್ಮಿಕರಲ್ಲ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಆದರೆ ಕೆಲಸದ ವೇಳೆ ಗಾಯವಾದರೆ ಪರಿಹಾರ ಕೊಡುವ ಹೊಣೆ ಮಾಲೀಕರದ್ದೇ, ಅದೂ ಅದೇ ಕಾಯ್ದೆಯಲ್ಲಿದೆ. ವರ್ಷ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಮಾತ್ರ ಎಲ್ಲೂ ಇಲ್ಲ. ಇದನ್ನು ಮನೆಯವರಿಗೂ ಮೊದಲೇ ಹೇಳಿಬಿಡಿ. ನಮ್ಮಮ್ಮ ಊರೆಲ್ಲ ಹೇಳಿಕೊಂಡು ಬಂದಿದ್ದರು, ಮಗನಿಗೆ ಕೆಲಸ ಆಯಿತು ಅಂತ.

ಈಗ ಕೆಲಸದ ವಿಷಯಕ್ಕೆ ಬರುತ್ತೇನೆ. ಬೆಳಿಗ್ಗೆ ಊರಿನಿಂದ ಕೋಲಾರಕ್ಕೆ ಬಸ್ಸು, ಕ್ಲಾಕ್ ಟವರ್ ಹತ್ತಿರ ಕಂಪನಿ ಬಸ್ಸು ಹತ್ತಬೇಕು. ಗೇಟಿನಲ್ಲೇ ಫೋನ್ ಕೊಟ್ಟು ಟೋಕನ್ ತೆಗೆದುಕೊಳ್ಳಬೇಕು. ಸಂಜೆವರೆಗೂ ಫೋನ್ ಇಲ್ಲ. ಮೊದಲ ವಾರ ಕಷ್ಟ ಆಯಿತು, ಆಮೇಲೆ ಅದೇ ಒಳ್ಳೆಯದು ಅನ್ನಿಸಿತು. ಕೈಯಲ್ಲಿ ಫೋನ್ ಇಲ್ಲದಿದ್ದರೆ ಕಣ್ಣು ಜಾಬ್ ಮೇಲೆ, ಅಂದರೆ ತಯಾರಾಗುತ್ತಿರುವ ಬಿಡಿಭಾಗದ ಮೇಲೆ ಇರುತ್ತದೆ.

ನಿಜವಾದ ತರಬೇತಿ ಶುರುವಾದದ್ದು ಫೈಲಿಂಗ್‌ನಿಂದ. ಕೈಗೆ ಒಂದು ಮೈಲ್ಡ್ ಸ್ಟೀಲ್ ತುಂಡು ಕೊಟ್ಟು, ವೈಸ್‌ಗೆ ಕಟ್ಟಿ, ಅರದಲ್ಲಿ ಉಜ್ಜಿ ಸಮ ಮಾಡು, ಪಕ್ಕದ ಮುಖಕ್ಕೆ 90 ಡಿಗ್ರಿ ಬರಬೇಕು ಅಂದರು. ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದರೆ ಎಲ್ಲೂ ಸಂದು ಕಾಣಬಾರದು. ಎರಡು ದಿನಕ್ಕೆ ಅಂಗೈ ಬೊಬ್ಬೆ ಎದ್ದಿತು. ಆರು ದಿನ ಉಜ್ಜಿದರೂ ನಡುವೆ ಉಬ್ಬು ಹೋಗಲಿಲ್ಲ. ನಮ್ಮ ಜೊತೆ ಮುಳಬಾಗಿಲು ಕಡೆಯ ಒಬ್ಬ ಐಟಿಐ ಫಿಟ್ಟರ್ ಹುಡುಗ ಇದ್ದ, ನನಗಿಂತ ಮೂರು ವರ್ಷ ಚಿಕ್ಕವನು. ಅವನು ಬಂದು ನನ್ನ ಕಾಲನ್ನು ಒಂದಡಿ ಹಿಂದಕ್ಕೆ ಸರಿಸಿ, ‘ಅಣ್ಣಾ, ತೋಳಲ್ಲಿ ತಳ್ಳಬೇಡಿ, ಮೈ ಭಾರದಲ್ಲಿ ತಳ್ಳಿ, ವಾಪಸ್ ಬರುವಾಗ ಒತ್ತಬೇಡಿ’ ಅಂದ. ಅವತ್ತು ಸಾಯಂಕಾಲಕ್ಕೆ ಉಬ್ಬು ಹೋಯಿತು. ನಾಲ್ಕು ವರ್ಷ ಬಿಇ ಓದಿದವರು ಐಟಿಐ ಹುಡುಗರ ಪಕ್ಕದಲ್ಲಿ ನಿಂತು ಕಲಿಯುವುದು ಈ ತರಬೇತಿಯ ದೊಡ್ಡ ಲಾಭ. ಅವರಿಗೆ ಕೈ ಗೊತ್ತು, ನಮಗೆ ಡ್ರಾಯಿಂಗ್ ಗೊತ್ತು. ಊಟದ ಹೊತ್ತಿನಲ್ಲಿ ನಾನು ಅವನಿಗೆ ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಮ್ಮಿ ಆಗಬಹುದು ಅನ್ನುವ ಮಿತಿ) ಪಟ್ಟಿ ಓದುವುದು ಹೇಳಿಕೊಟ್ಟೆ, ಅವನು ನನಗೆ ಟ್ಯಾಪ್ ಮುರಿಯದ ಹಾಗೆ ಥ್ರೆಡ್ ಹಾಕುವುದು ಹೇಳಿಕೊಟ್ಟ.

ಆಮೇಲೆ ಸ್ಟೋರ್ಸ್‌ನಲ್ಲಿ ಮೂರು ವಾರ. ಸುಮ್ನೆ ಲೆಕ್ಕ ಬರೆಯುವ ಜಾಗ ಅಂದುಕೊಂಡಿದ್ದೆ. ಅಲ್ಲ. ಅಲ್ಯೂಮಿನಿಯಂ ರಾಡು ಬಂದಾಗ ಅದರ ತುದಿಯಲ್ಲಿ ಒಂದು ನಂಬರ್ ಹೊಡೆದಿರುತ್ತಾರೆ, ಬ್ಯಾಚ್ ನಂಬರ್. ಆ ಬ್ಯಾಚಿನ ಲೋಹ ಯಾವ ಗ್ರೇಡು, ಎಷ್ಟು ಶಕ್ತಿ, ಯಾವಾಗ ಪರೀಕ್ಷೆಯಾಯಿತು ಎಲ್ಲ ಆ ನಂಬರಿನಿಂದಲೇ ತಿಳಿಯಬೇಕು. ರಾಡು ಕತ್ತರಿಸುವ ಮುಂಚೆ ಎರಡೂ ತುಂಡಿಗೆ ನಂಬರ್ ಹೊಡೆಯಬೇಕು, ಕತ್ತರಿಸಿದ ಮೇಲಲ್ಲ. ನಾನು ಒಂದು ದಿನ ಅವಸರದಲ್ಲಿ ಮೊದಲು ಕತ್ತರಿಸಿಬಿಟ್ಟೆ. ಉಳಿದ ತುಂಡು ಮೊಳ ಉದ್ದ ಇತ್ತು, ಹೊಚ್ಚ ಹೊಸ ಮಾಲು. ಪಕ್ಕದಲ್ಲೇ ಇನ್ನೊಂದು ಗ್ರೇಡಿನ ತುಂಡೂ ಬಿದ್ದಿತ್ತು. ‘ಸರ್, ಇದು ಇದರದ್ದೇ, ನನ್ನ ಕಣ್ಣೆದುರೇ ಕತ್ತರಿಸಿದ್ದು’ ಅಂದೆ. ಸ್ಟೋರ್ಸ್‌ನವರು ಎರಡೂ ತುಂಡನ್ನು ನನ್ನ ಎರಡು ಕೈಗೆ ಕೊಟ್ಟು ಕಣ್ಣು ಮುಚ್ಚು ಅಂದರು. ಒಂದು 7075, ಇನ್ನೊಂದು 6061. ತೂಕದಲ್ಲಿ, ಬಣ್ಣದಲ್ಲಿ, ಮುಟ್ಟಿದರೆ, ಎಲ್ಲಾ ಒಂದೇ ಥರ. ಆದರೆ ಹದ ಮಾಡಿದ ಮೇಲೆ 7075ರ ಶಕ್ತಿ 6061ರ ಹತ್ತಿರ ಹತ್ತಿರ ಎರಡು ಪಟ್ಟು. ತಪ್ಪು ತುಂಡು ಯಾವುದೋ ವಿಮಾನದ ಭಾಗಕ್ಕೆ ಹೋದರೆ ಹೊರಗಿನಿಂದ ನೋಡಿ ಯಾರೂ ಕಂಡುಹಿಡಿಯಲಾರರು. ನಂಬರ್ ಇಲ್ಲದ ತುಂಡು ಸ್ಕ್ರಾಪ್ ಡಬ್ಬಿಗೆ ಹೋಯಿತು. ಬೈಯಲಿಲ್ಲ. ರಿಜಿಸ್ಟರ್‌ನಲ್ಲಿ ಕಾರಣ ನನ್ನ ಕೈಯಲ್ಲೇ ಬರೆಸಿದರು, ಸಹಿ ಹಾಕಿಸಿದರು.

ಈಗ ಮೆಟ್ರಾಲಜಿ ರೂಮು. ಇಡೀ ವರ್ಷದಲ್ಲಿ ನನಗೆ ಅನ್ನ ಹಾಕಿದ್ದು ಅಲ್ಲಿ ಕಳೆದ ಎರಡು ತಿಂಗಳು. ಅಳತೆ ತೆಗೆಯುವ ಕೋಣೆ. ಯಾವಾಗಲೂ ಎಸಿ, ಗೋಡೆಯಲ್ಲಿ ಥರ್ಮಾಮೀಟರ್, ಅದು 20 ಡಿಗ್ರಿಯಲ್ಲೇ ನಿಂತಿರುತ್ತದೆ. ಅಳತೆಗೆ 20 ಡಿಗ್ರಿ ಅನ್ನುವುದು 1931ರಿಂದ ಜಗತ್ತಿನೆಲ್ಲೆಡೆ ಒಪ್ಪಿಕೊಂಡ ಲೆಕ್ಕ. ಡ್ರಾಯಿಂಗ್‌ನಲ್ಲಿ ಬರೆದ ಅಳತೆ ಎಲ್ಲವೂ ಆ ಶಾಖದಲ್ಲಿರುವ ಜಾಬ್‌ಗೆ. ಇದನ್ನು ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಎರಡು ಮಾರ್ಕ್ಸಿಗೆ ಬರೆದೂ ಇದ್ದೆ.

ಮಾರ್ಚ್ ತಿಂಗಳು, ಮಧ್ಯಾಹ್ನ. ಶಾಪ್ ಒಳಗೆ, ಅಂದರೆ ಮೆಷಿನ್‌ಗಳಿರುವ ಶೆಡ್ಡಿನಲ್ಲಿ, 34 ಡಿಗ್ರಿ. ಮೆಷಿನ್‌ನಿಂದ ಇಳಿದ ಅಲ್ಯೂಮಿನಿಯಂ ಜಾಬ್ ಒಂದನ್ನು ಒರೆಸಿ ನೇರ ರೂಮಿಗೆ ತಂದು ಬೋರ್ (ಜಾಬ್‌ನಲ್ಲಿ ಕೊರೆದ ದುಂಡು ತೂತು) ಅಳೆದೆ. ಬೋರ್ 100 ಮಿಲಿಮೀಟರ್, ಎಚ್7. ಅಂದರೆ 100ರಿಂದ 100.035ರ ಒಳಗೆ ಇರಬೇಕು. ಇರುವುದೇ 35 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಭಾಗ ಒಂದು ಮೈಕ್ರಾನ್) ಅವಕಾಶ, ತಲೆಕೂದಲಿನ ಅರ್ಧ ದಪ್ಪ ಅಂತ ಇಟ್ಟುಕೊಳ್ಳಿ. ಬೋರ್ ಗೇಜ್ ಒಳಗೆ ಬಿಟ್ಟು ಮೆಲ್ಲಗೆ ಆ ಕಡೆ ಈ ಕಡೆ ತೂಗಿದೆ, ಮುಳ್ಳು ತಿರುಗಿ ನಿಲ್ಲುವ ಜಾಗ ನೋಡಿದೆ. 100.048. ಮೂರು ಸಲ ನೋಡಿದರೂ ಅಷ್ಟೇ. ಬೋರ್ ದೊಡ್ಡದಾಗಿದೆ, ರಿಜೆಕ್ಟ್. ಒಂದು ಜಾಬ್ ಹಿಂದೆ ಆರು ಗಂಟೆ ಮೆಷಿನ್ ಸಮಯ ಇರುತ್ತದೆ. ಆಪರೇಟರ್ ಅಣ್ಣನ ಮುಖ ನೆನೆಸಿಕೊಂಡೇ ಕೆಂಪು ಟ್ಯಾಗ್ ಕೈಗೆ ತೆಗೆದುಕೊಂಡೆ.

ಅಲ್ಲಿದ್ದ ಸೀನಿಯರ್ ಇನ್‌ಸ್ಪೆಕ್ಟರ್, ರಿಟೈರ್ ಆಗಲು ಎರಡು ವರ್ಷ ಇದ್ದವರು, ಎದ್ದು ಬಂದು ಗೇಜ್ ಮುಟ್ಟಲೇ ಇಲ್ಲ. ಜಾಬ್ ಮೇಲೆ ಅಂಗೈ ಇಟ್ಟರು. ಆಮೇಲೆ ಅದೇ ಅಂಗೈಯನ್ನು ಪಕ್ಕದ ಗ್ರಾನೈಟ್ ಟೇಬಲ್ ಮೇಲೆ ಇಟ್ಟರು.

‘ಎಷ್ಟೊತ್ತಿಗೆ ತಂದೆಯಪ್ಪಾ ಇದನ್ನ?’

‘ಈಗಲೇ ಸರ್, ಮೆಷಿನ್‌ನಿಂದ ಇಳಿದ ತಕ್ಷಣ.’

‘ಮಗೂಗೆ ಜ್ವರ ಇದ್ದಾಗ ತೂಕ ನೋಡ್ತಾರಾ? ಮಲಗಿಸು. ಊಟ ಮಾಡಿ ಬಂದು, ಸಾಯಂಕಾಲ ನೋಡು.’

ನಾಲ್ಕು ಗಂಟೆ ಬಿಟ್ಟು ಅಳೆದೆ. 100.015. ಎರಡು ಕೊನೆಗೂ ದೂರ, ಪಾಸಾಗುವ ಜಾಬ್. ಅವರು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಲೆಕ್ಕ ಬರೆದು ತೋರಿಸಿದರು. ಈ ಅಲ್ಯೂಮಿನಿಯಂ ಒಂದು ಮೀಟರ್ ಉದ್ದಕ್ಕೆ ಒಂದು ಡಿಗ್ರಿಗೆ 23ರಿಂದ 24 ಮೈಕ್ರಾನ್ ಹಿಗ್ಗುತ್ತದೆ. 100 ಮಿಲಿಮೀಟರ್‌ಗೆ, 14 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 33 ಮೈಕ್ರಾನ್. ಟಾಲರೆನ್ಸ್ ಇರುವುದೇ 35. ಅಂದರೆ ಬಿಸಿಲಿನ ಒಂದು ಮಧ್ಯಾಹ್ನ ಇಡೀ ಟಾಲರೆನ್ಸನ್ನು ನುಂಗಿಬಿಡುತ್ತದೆ. ಆಮೇಲೆ ಅವರು ಕೇಳಿದ ಪ್ರಶ್ನೆ ಇನ್ನೂ ಕಿವಿಯಲ್ಲಿದೆ. ‘ಇದು ಒಳ್ಳೆ ಜಾಬ್, ರಿಜೆಕ್ಟ್ ಮಾಡ್ತಿದ್ದೆ, ನಷ್ಟ ಅಷ್ಟೇ. ಉಲ್ಟಾ ಆಗಿದ್ರೆ?’ ಲೆಕ್ಕ ಹಾಕಿದೆ. ನಿಜವಾಗಿ 99.990 ಇರುವ ಬೋರ್, ಅಂದರೆ ಚಿಕ್ಕದಾಗಿ ಹೋಗಿರುವ ಬೋರ್, ಬಿಸಿಯಲ್ಲಿ 100.023 ತೋರಿಸುತ್ತದೆ. ಸಲೀಸಾಗಿ ಪಾಸು. ನಾನೇ ಹಸಿರು ಟ್ಯಾಗ್ ಕಟ್ಟಿ, ಸಹಿ ಹಾಕಿ ಕಳಿಸುತ್ತಿದ್ದೆ. ಬೆವರಿತು ಆ ಎಸಿಯಲ್ಲೂ. ಅವತ್ತಿನಿಂದ ಅಳತೆ ಶೀಟಿನಲ್ಲಿ ಜಾಬ್ ರೂಮಿಗೆ ಬಂದ ಸಮಯ, ಅಳೆದ ಸಮಯ ಎರಡನ್ನೂ ಬರೆಯುವುದು ಅಭ್ಯಾಸ ಆಯಿತು.

ಅಸೆಂಬ್ಲಿಯಲ್ಲಿ ಇನ್ನೊಂದು ಕಟ್ಟುನಿಟ್ಟು. ಪ್ರತಿ ಉಪಕರಣಕ್ಕೂ ಬೋರ್ಡಿನ ಮೇಲೆ ಅದರದ್ದೇ ಆಕಾರದ ಗುಂಡಿ, ತೆಗೆದುಕೊಂಡರೆ ಆ ಜಾಗದಲ್ಲಿ ನಿಮ್ಮ ಟೋಕನ್ ನೇತುಹಾಕಬೇಕು. ಒಂದು ಸಂಜೆ ಒಂದು 3 ಎಂಎಂ ಅಲೆನ್ ಕೀ (ಸ್ಕ್ರೂ ತಿರುಗಿಸುವ ಸಣ್ಣ ಬಾಗಿದ ಕಡ್ಡಿ) ವಾಪಸ್ ಬರಲಿಲ್ಲ. ಟೋಕನ್ ನಮ್ಮ ಬ್ಯಾಚಿನ ಹುಡುಗಿಯದು. ಅವಳು ತಾನೇ ಹೋಗಿ ಹೇಳಿದಳು. ಯಾರೂ ಮನೆಗೆ ಹೋಗಲಿಲ್ಲ. ಎಲ್ಲರೂ ಮಂಡಿಯೂರಿ ಟಾರ್ಚ್ ಹಿಡಿದು ಹುಡುಕಿದೆವು. ಕೊನೆಗೆ ಸಿಕ್ಕಿದ್ದು ಒಬ್ಬರ ಏಪ್ರನ್ ಜೇಬಿನ ಹರಿದ ಹೊಲಿಗೆಯೊಳಗೆ. ಕಂಪನಿ ಬಸ್ಸು ಒಂದೂವರೆ ಗಂಟೆ ತಡವಾಗಿ ಹೊರಟಿತು, ಒಬ್ಬರೂ ಅವಳ ಮೇಲೆ ರೇಗಲಿಲ್ಲ. ಅವಳು ಮುಚ್ಚಿಟ್ಟು, ಆ ಕೀ ಯಾವುದಾದರೂ ಜೋಡಣೆಯ ಒಳಗೇ ಉಳಿದು ಹೋಗಿದ್ದರೆ ಅನ್ನುವ ಭಯ ಎಲ್ಲರಿಗೂ ಇತ್ತು.

ಕ್ಯಾಂಟೀನ್ ಚೆನ್ನಾಗಿದೆ. ವಾರಕ್ಕೆ ಮೂರು ದಿನ ಮುದ್ದೆ, ಸೀಸನ್‌ನಲ್ಲಿ ಅವರೆಕಾಳು ಸಾರು. ಇದಕ್ಕಿಂತ ಜಾಸ್ತಿ ಹೇಳಬೇಕಿಲ್ಲ.

ಈಗ ಆ ಒಂದು ಅಂಕ. ನನ್ನ ಮೊದಲ ಎರಡೂವರೆ ತಿಂಗಳು ಹಾಳಾಯಿತು. ಸೇರಿದ ತಕ್ಷಣ ಆಫೀಸಿನಲ್ಲಿ ಕೂರಿಸಿ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಸಿದರು. ಬೆಳಿಗ್ಗೆಯಿಂದ ಸಂಜೆವರೆಗೆ ಹಾಳೆ ತಿರುಗಿಸುವುದು, ಹೆಸರು ಟೈಪ್ ಮಾಡುವುದು. ಒಬ್ಬ ಟೈಪಿಸ್ಟ್ ಮಾಡುವ ಕೆಲಸಕ್ಕೆ ನಾಲ್ಕು ಜನ ಇಂಜಿನಿಯರ್‌ಗಳು. ಕೇಳಿದರೆ ‘ಶಾಪ್‌ನಲ್ಲಿ ಜಾಗ ಇಲ್ಲ, ಮುಂದಿನ ವಾರ’ ಅನ್ನುತ್ತಿದ್ದರು. ಹತ್ತು ಸಲ ಮುಂದಿನ ವಾರ ಆಯಿತು. ವರ್ಷದಲ್ಲಿ ಐದನೇ ಒಂದು ಭಾಗ ಅದು. ಕೊನೆಗೆ ನಾವು ನಾಲ್ವರೂ ಸೇರಿ ಕೈಬರಹದಲ್ಲಿ ಅರ್ಜಿ ಬರೆದು ಕೊಟ್ಟ ಮೇಲೆ ಶಾಪ್‌ಗೆ ಕಳಿಸಿದರು. ಒಬ್ಬೊಬ್ಬರೇ ಕೇಳಿದಾಗ ಕದಲದವರು ಕಾಗದ ನೋಡಿ ಎದ್ದರು. ಸ್ಟೈಪೆಂಡ್ ಕೂಡ ಎರಡು ಸಲ ತಿಂಗಳುಗಟ್ಟಲೆ ತಡ ಆಯಿತು.

ಅದಕ್ಕಿಂತ ಜಾಸ್ತಿ ನೋವಾದದ್ದು ಲಾಗ್‌ಬುಕ್ ವಿಷಯದಲ್ಲಿ. ಪ್ರತಿ ವಾರ ಏನು ಕಲಿತೆ ಅಂತ ಬರೆದು ಸಹಿ ಹಾಕಿಸಬೇಕಿದ್ದ ಪುಸ್ತಕ ಅದು. ವರ್ಷಪೂರ್ತಿ ಯಾರೂ ಕೇಳಲಿಲ್ಲ. ಕೊನೆಯ ವಾರ ಖಾಲಿ ಪುಸ್ತಕ ಕೊಟ್ಟು, ‘ಹಳೆ ತಾರೀಖು ಹಾಕಿ ತುಂಬಿಸಿ, ಎಲ್ಲಾ ಸೆಕ್ಷನ್ ಮಾಡಿದೀವಿ ಅಂತ ಬರೀರಿ’ ಅಂದರು. ಒಂದು ಮೈಕ್ರಾನ್ ಸುಳ್ಳು ಬರೆಯಲು ಬಿಡದ ಜಾಗ. ಒಂದು ಅಲೆನ್ ಕೀಗೆ ಇಡೀ ಶಿಫ್ಟ್ ನಿಲ್ಲಿಸುವ ಜಾಗ. ಅಲ್ಲೇ ನಮ್ಮ ಕಲಿಕೆಯ ಪುಸ್ತಕಕ್ಕೆ ಮಾತ್ರ ಯಾವ ತಾರೀಖಾದರೂ ನಡೆಯುತ್ತದೆ ಅಂದರೆ ಏನರ್ಥ? ನನಗೆ ನಿಜವಾಗಿ ಸಿಟ್ಟು ಬಂತು. ಅದೃಷ್ಟಕ್ಕೆ ನಾನು ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಂಡು ದಿನಾ ಎರಡು ಸಾಲು ಬರೆಯುತ್ತಿದ್ದೆ. ಅದನ್ನು ನೋಡಿ ನಡೆದದ್ದನ್ನು ನಡೆದ ಹಾಗೇ ಬರೆದೆ. ಮೊದಲ ಹತ್ತು ವಾರ: ಕಡತ ಸ್ಕ್ಯಾನಿಂಗ್. ತರಬೇತಿ ಅಧಿಕಾರಿ ಮುಖ ಸಣ್ಣ ಮಾಡಿಕೊಂಡರು, ಬದಲಾಯಿಸು ಅಂದರು. ಆಗಲ್ಲ ಸರ್ ಅಂದೆ. ಮೂರು ದಿನ ಕಾಯಿಸಿ ಸಹಿ ಹಾಕಿದರು. ಮೆಟ್ರಾಲಜಿಯ ಆ ಹಿರಿಯರಿಗೆ ಇದನ್ನು ಹೇಳಿದಾಗ ಅವರು ಏನೂ ಹೇಳಲಿಲ್ಲ, ತಮ್ಮ ಟೀ ಅರ್ಧ ಸುರಿದು ನನ್ನ ಕಡೆ ಸರಿಸಿದರು.

ಹುಡುಗಿಯರಿಗೆ ಒಂದು ಮಾತು. ನಮ್ಮ ಹದಿನಾಲ್ಕು ಜನರಲ್ಲಿ ಮೂವರು ಹುಡುಗಿಯರು. ಶಾಪ್‌ನಲ್ಲಿ ಗೌರವಕ್ಕೆ ಕೊರತೆ ಇರಲಿಲ್ಲ, ಆಪರೇಟರ್‌ಗಳು ‘ಏನಮ್ಮಾ’ ಅಂತ ಮನೆಯವರ ಥರ ಮಾತಾಡಿಸುತ್ತಿದ್ದರು. ಆದರೆ ಅವರ ಶೌಚಾಲಯ ಆಫೀಸ್ ಕಟ್ಟಡದಲ್ಲಿ, ಶಾಪ್‌ನಿಂದ ಐದು ನಿಮಿಷದ ನಡಿಗೆ. ಬರೆದುಕೊಟ್ಟ ಮೇಲೂ ವರ್ಷ ಮುಗಿಯುವವರೆಗೆ ಬದಲಾಗಲಿಲ್ಲ. ಸೇರುವ ಮುಂಚೆ ಒಮ್ಮೆ ಹೋಗಿ ನೋಡಿ, ಕೇಳಲು ಸಂಕೋಚ ಬೇಡ.

ಕೆಲಸ ಸಿಕ್ಕಿತಾ? ಹದಿನಾಲ್ಕು ಜನರಲ್ಲಿ ಇಬ್ಬರನ್ನು ಅಲ್ಲೇ ಇಟ್ಟುಕೊಂಡರು, ನಾನಲ್ಲ. ನನಗೆ ನಾಲ್ಕು ತಿಂಗಳಾದ ಮೇಲೆ ವೇಮಗಲ್ ಕಡೆ ಇನ್ನೊಂದು ಕಂಪನಿಯಲ್ಲಿ ಕ್ವಾಲಿಟಿ ವಿಭಾಗದಲ್ಲಿ ಸಿಕ್ಕಿತು. ಇಂಟರ್‌ವ್ಯೂನಲ್ಲಿ ಸರ್ಟಿಫಿಕೇಟನ್ನು ಒಂದು ಸಲ ತಿರುಗಿಸಿ ನೋಡಿ ಪಕ್ಕಕ್ಕಿಟ್ಟರು. ಆಮೇಲೆ ಮೇಜಿನ ಮೇಲೆ ಒಂದು ಜಾಬ್, ಒಂದು ಬೋರ್ ಗೇಜ್ ಇಟ್ಟು ಅಳೆದು ಹೇಳು ಅಂದರು. ಜಾಬ್ ಮೇಲೆ ಅಂಗೈ ಇಟ್ಟೆ. ‘ಸರ್, ಇದು ಎಷ್ಟು ಹೊತ್ತಿನಿಂದ ಈ ರೂಮಿನಲ್ಲಿದೆ?’ ಅಂತ ಕೇಳಿದೆ. ಎದುರಿಗಿದ್ದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನೂ ಗೇಜ್ ಎತ್ತಿರಲಿಲ್ಲ, ಯಾವಾಗ ಸೇರುತ್ತೀಯಾ ಅಂದರು.

ಹಾಗಾಗಿ ಸೇರುವವರು ಮೊದಲ ದಿನವೇ ತರಬೇತಿಯ ವೇಳಾಪಟ್ಟಿ ಕಾಗದದಲ್ಲಿ ಕೇಳಿ ಪಡೆಯಿರಿ. ಮೆಟ್ರಾಲಜಿ ರೂಮಿನಲ್ಲಿ ಎಷ್ಟು ವಾರ ಅಂತ ಅದರಲ್ಲಿ ಇರಬೇಕು. ಎಂಟು ವಾರಕ್ಕಿಂತ ಕಡಿಮೆ ಇದ್ದರೆ ಅವತ್ತೇ ಮಾತಾಡಿ. ಜೇಬಿಗೆ ಹಿಡಿಸುವ ನೋಟ್‌ಬುಕ್ ಒಂದು ತೆಗೆದುಕೊಳ್ಳಿ, ಗೇಟಿನಲ್ಲಿ ಅದಕ್ಕೆ ಪಾಸ್ ಮಾಡಿಸಿಕೊಳ್ಳಿ, ಜಾಬ್‌ನ ಹೆಸರು, ನಂಬರ್ ಬರೆಯದೆ ಏನು ಕಲಿತಿರಿ ಅನ್ನುವುದನ್ನು ಮಾತ್ರ ಬರೆಯಿರಿ. ಶ್ರೀನಿವಾಸಪುರ, ಮುಳಬಾಗಿಲು ಕಡೆಯವರು ಪೋರ್ಟಲ್‌ನಲ್ಲಿ ಹೆಸರು ಹಾಕುವಾಗ ತೊಂದರೆಯಾದರೆ ಕೆಳಗೆ ಕೇಳಿ. ಭಾನುವಾರ ಬಿಡುವಿರುತ್ತದೆ, ಕೂತು ಒಬ್ಬೊಬ್ಬರಿಗೂ ಉತ್ತರ ಬರೆಯುತ್ತೇನೆ.